ಬೋಂಡನಿಗೊಂದು ಬಿಲ

ಹೋದ ಸಲ ಈ ಕಾಲಂನಲ್ಲಿ ಮನೆಯಿಂದ ಕೆಲಸ ಮಾಡೋರ ಬೆನ್ನುನೋವಿನ ಬಗ್ಗೆ ಬರೆದಿದ್ದೆ. ಜೊತೆಗೆ ನನ್ನ ಮೇಜಿನ ಫೋಟೋ ಹಾಕಿದ್ದೆ. ಬೆನ್ನುನೋವಿನ ಬಗ್ಗೆ ಇಬ್ಬರು ಕೇಳಿದ್ರಿ. ಮೇಜಿನ ಹಿಂದೆ ಗೋಡೆ ಪಕ್ಕ ಇರೋ ಆ ಉದ್ದನೆ ಪೆಟ್ಟಿಗೆ ಏನು ಅಂತ ಕೇಳಿದವರೇ ಜಾಸ್ತಿ. ಒಬ್ಬರಂತೂ ‘ಶವಪೆಟ್ಟಿಗೆ ಥರ ಇದೆಯಲ್ಲ?’ ಅಂದಿದ್ರು. ಅಲ್ಲ ಸ್ವಾಮಿ, ಅದು ಬೋಂಡನ ಮನೆ.

ಬೋಂಡ ಅಂದ್ರೆ ನಮ್ಮನೆ ಹ್ಯಾಮ್‌ಸ್ಟರ್. ಬಣ್ಣ, ಆಕಾರ ಎರಡೂ ಆಗಷ್ಟೇ ಎಣ್ಣೆಯಿಂದ ತೆಗೆದ ಆಲೂಬೋಂಡದ್ದೇ. ಹೆಸರಿಟ್ಟಿದ್ದು ನಾನಲ್ಲ, ಗುಬ್ಬಿಯಲ್ಲಿರೋ ಅಕ್ಕನ ಮಗಳು ಪುಟ್ಟಿ. ಹೋದ ವರ್ಷ ಜುಲೈನಲ್ಲಿ ಅವಳ ಎಂಟನೇ ಹುಟ್ಟುಹಬ್ಬಕ್ಕೆ ಭಾವ ಬೆಂಗಳೂರಿನಿಂದ ಬೋಂಡನನ್ನೂ ಒಂದು ಗುಲಾಬಿ ಬಣ್ಣದ ಪಂಜರವನ್ನೂ ತಂದಿದ್ರು. ಎರಡು ಮಹಡಿ, ಒಂದು ಪ್ಲಾಸ್ಟಿಕ್ ಏಣಿ, ಅಂಗೈ ಅಗಲದ ಒಂದು ಚಕ್ರ. ತಳ ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ. ನೋಡೋಕೆ ಬೊಂಬೆ ಮನೆ ಹಾಗೆ ಬಲು ಚೆಂದ.

ಮೂರನೇ ವಾರಕ್ಕೆ ಅಕ್ಕ ಫೋನ್ ಮಾಡಿ, ‘ಇದು ರಾತ್ರಿಯೆಲ್ಲಾ ಕಬ್ಬಿಣ ಕಚ್ಚುತ್ತೆ ಕಣೇ, ಯಾರಿಗೂ ನಿದ್ದೆ ಇಲ್ಲ’ ಅಂದ್ಲು. ನಾಲ್ಕನೇ ವಾರ ಪುಟ್ಟಿ ಬೆರಳಿಗೆ ಕಚ್ಚಿತು. ಅವಳು ಮಧ್ಯಾಹ್ನ ಸ್ಕೂಲಿಂದ ಬಂದವಳೇ ಮಲಗಿದ್ದ ಬೋಂಡನನ್ನು ಎತ್ತೋಕೆ ಕೈ ಹಾಕಿದ್ದಳು. ರಕ್ತ ಬಂತು, ಅಳು ಬಂತು. ಆಮೇಲೆ ಅವಳು ಪಂಜರದ ಹತ್ತಿರ ಹೋಗೋದನ್ನೇ ಬಿಟ್ಟಳು. ‘ಅದಕ್ಕೆ ನನ್ನ ಕಂಡ್ರೆ ಆಗಲ್ಲ’ ಅಂತ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು.

ಕುದುರೆ ಬಲ್ಲವರು ಹೇಳಿದ್ದು

ಗಣಪತಿ ಹಬ್ಬಕ್ಕೆ ನಾನು ತುಮಕೂರಿನಿಂದ ಗುಬ್ಬಿಗೆ ಹೋದೆ. ಕುಣಿಗಲ್‌ನಿಂದ ಮಾವನೂ ಬಂದಿದ್ರು. ಕುಣಿಗಲ್ ಅಂದ್ರೆ ಹೊರಗಿನವರಿಗೆ ಕೆರೆ ಮತ್ತು ಕುದುರೆ ಫಾರಂ. ನಮ್ಮ ಮಾವ ಆ ಎರಡನೆಯದರ ಕಡೆಯವರು. ವಯಸ್ಸಿನಲ್ಲಿ ಕುದುರೆ ನೋಡಿಕೊಳ್ಳೋ ಕೆಲಸದಲ್ಲಿ ಊರೂರು ಸುತ್ತಿದವರು. ಈಗ ಮೊಣಕಾಲು ನೋವು, ಹಾಗಾಗಿ ಕುರ್ಚಿ ಬಿಟ್ಟು ಏಳಲ್ಲ. ಅವರ ಕುರ್ಚಿ ಪಕ್ಕದಲ್ಲೇ ಪಂಜರ ಇತ್ತು.

ಸಂಜೆ ಕತ್ತಲಾಗುತ್ತಿದ್ದ ಹಾಗೆ ಬೋಂಡ ಎದ್ದ. ಎದ್ದವನೇ ಬಲಗಡೆ ಮೂಲೆಯ ಸರಳು ಹಿಡಿದು ಕಟಕಟ ಶುರು ಮಾಡಿದ. ನಾವೆಲ್ಲ ‘ಹೊಟ್ಟೆ ಹಸಿದಿರಬೇಕು’, ‘ಹಲ್ಲು ಬೆಳೀತಿರಬೇಕು’ ಅಂತ ನಗ್ತಾ ಇದ್ವಿ. ಮಾವ ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, ‘ಲಾಯದಲ್ಲಿ ಸದಾ ಕಟ್ಟಿಹಾಕಿದ ಕುದುರೆನೂ ಹೀಗೇ ಮಾಡುತ್ತೆ. ಎದುರಿಗಿರೋ ಮರದ ಅಂಚನ್ನ ಹಲ್ಲಲ್ಲಿ ಕಚ್ಚಿ ಗಾಳಿ ನುಂಗುತ್ತೆ. ಅದು ಹಸಿವಲ್ಲ. ಮಾಡೋಕೆ ಕೆಲಸ ಇಲ್ಲ, ಓಡೋಕೆ ಜಾಗ ಇಲ್ಲ. ಒಂದು ಸಲ ಅಭ್ಯಾಸ ಆಯ್ತು ಅಂದ್ರೆ ಬಯಲಿಗೆ ಬಿಟ್ಟರೂ ಪೂರ್ತಿ ಹೋಗಲ್ಲ’ ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, ‘ಇದು ಕಾಡಲ್ಲಿ ಏನು ಮಾಡಿಕೊಂಡಿರೋ ಪ್ರಾಣಿ?’ ಅಂತ ಕೇಳಿದ್ರು.

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ತಿಂಗಳು ಸಾಕಿದ್ರೂ ಆ ಪ್ರಶ್ನೆ ನಮಗೆ ಬಂದೇ ಇರಲಿಲ್ಲ.

ಹಬ್ಬ ಮುಗಿಸಿ ಹೊರಡುವಾಗ ಅಕ್ಕ ಪಂಜರವನ್ನು ನನ್ನ ಕೈಗಿಟ್ಟಳು. ‘ನೀನು ಹೇಗಿದ್ರೂ ರಾತ್ರಿಯೆಲ್ಲಾ ಅಮೆರಿಕದವರ ಜೊತೆ ಮಾತಾಡ್ತಾ ಎದ್ದಿರ್ತೀಯ. ಇಬ್ಬರಿಗೂ ಶಿಫ್ಟ್ ಒಂದೇ’ ಅಂದ್ಲು. ತರ್ಕ ಸರಿಯಾಗೇ ಇತ್ತು. ಪುಟ್ಟಿ ಮಾತ್ರ ಬಾಗಿಲ ಹಿಂದೆ ನಿಂತಿದ್ದಳು, ಟಾಟಾ ಮಾಡಲಿಲ್ಲ.

ಅಲೆಪ್ಪೊದ ಹೊಲ, ಗುಬ್ಬಿಯ ಹೊಲ

ಅವತ್ತು ರಾತ್ರಿ ಕಾಲ್ ಮುಗಿಸಿ ಮಾವನ ಪ್ರಶ್ನೆಗೆ ಉತ್ತರ ಹುಡುಕಿದೆ. ನಮ್ಮಲ್ಲಿ ಅಂಗಡಿಗಳಲ್ಲಿ ಸಿಗೋ ದೊಡ್ಡ ಜಾತಿ ಸಿರಿಯನ್ ಹ್ಯಾಮ್‌ಸ್ಟರ್. ಅದರ ಊರು ಸಿರಿಯಾದ ಅಲೆಪ್ಪೊ ಸುತ್ತಮುತ್ತ ಮತ್ತು ಪಕ್ಕದ ಟರ್ಕಿಯ ಗಡಿ. 1930ರಲ್ಲಿ ಇಸ್ರೇಲ್ ಅಹರೋನಿ ಅನ್ನೋ ಪ್ರಾಣಿಶಾಸ್ತ್ರಜ್ಞ ಅಲೆಪ್ಪೊ ಹತ್ತಿರದ ಹೊಲ ಅಗೆಸಿ ಒಂದು ತಾಯಿ ಮತ್ತು ಅದರ ಮರಿಗಳನ್ನು ಹಿಡಿದು, ಮರಿಗಳನ್ನು ಜೆರುಸಲೇಂಗೆ ತಂದ. ಉಳಿದ ಕೆಲವೇ ಮರಿಗಳಿಂದ ಸಂತತಿ ಬೆಳೆಯಿತು. ಇವತ್ತು ಜಗತ್ತಿನ ಮನೆಗಳಲ್ಲಿರೋ ಸಿರಿಯನ್ ಹ್ಯಾಮ್‌ಸ್ಟರ್‌ಗಳೆಲ್ಲ ಬಹುಪಾಲು ಆ ಒಂದೇ ಬಿಲದ ವಂಶ. ನಮ್ಮ ಬೋಂಡನ ಅಜ್ಜಿಯ ಅಜ್ಜಿಯೂ ಅಲ್ಲಿಂದಲೇ ಬಂದಿರಬೇಕು.

ಆಮೇಲೆ ಕಾಡು ಹ್ಯಾಮ್‌ಸ್ಟರ್‌ಗಳ ಬಿಲ ಅಳೆದವರ ವರದಿ ಸಿಕ್ಕಿತು, 2001ರದ್ದು. ಬಿಲದ ಸರಾಸರಿ ಆಳ 65 ಸೆಂಟಿಮೀಟರ್. ಕೆಲವು ಒಂದು ಮೀಟರ್ ದಾಟಿದ್ದವು. ಯಾವ ಬಿಲದಲ್ಲೂ ಒಂದಕ್ಕಿಂತ ಹೆಚ್ಚು ದೊಡ್ಡ ಹ್ಯಾಮ್‌ಸ್ಟರ್ ಇರಲಿಲ್ಲ. ಅಂದ್ರೆ ಇದು ನೆಲದೊಳಗೆ, ಕತ್ತಲಲ್ಲಿ, ಒಂಟಿಯಾಗಿ ಬದುಕೋ ಜೀವ. ನಾವು ಅದನ್ನು ಎರಡು ಬೆರಳು ಹೊಟ್ಟು ಹಾಕಿದ ಗುಲಾಬಿ ಪಂಜರದಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಟಿವಿ ಪಕ್ಕ ಇಟ್ಟಿದ್ವಿ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಓದಿದಾಗ ಮಾವನ ಮಾತು ಪೂರ್ತಿ ಅರ್ಥ ಆಯ್ತು. ಅವರು ಹ್ಯಾಮ್‌ಸ್ಟರ್‌ಗಳನ್ನು ಮೂರು ಗುಂಪು ಮಾಡಿ, 10, 40, 80 ಸೆಂಟಿಮೀಟರ್ ಆಳದ ಹಾಸು ಕೊಟ್ಟರು. 10 ಸೆಂಟಿಮೀಟರ್‌ನವು ಉಳಿದವುಗಳಿಗಿಂತ ಸ್ಪಷ್ಟವಾಗಿ ಹೆಚ್ಚು ಸರಳು ಕಚ್ಚಿದವು. 80ರಲ್ಲಿದ್ದವು ಸರಳು ಕಚ್ಚಿದ್ದು ಒಮ್ಮೆಯೂ ಕಾಣಲಿಲ್ಲ. ಅದೇ ತಂಡದವರು ಮಾರನೇ ವರ್ಷ ಪಂಜರದ ಅಳತೆ ಬದಲಿಸಿ ನೋಡಿದ್ರು. ಚಿಕ್ಕ ಪಂಜರದವು ಹೆಚ್ಚು ಹೊತ್ತು ಕಚ್ಚಿದವು.

ಇದನ್ನೆಲ್ಲ ಅಜ್ಜಿಗೆ ಫೋನಲ್ಲಿ ಹೇಳಿದೆ. ಅಜ್ಜಿ, ‘ಅದಕ್ಕೆ ಸ್ವಿಟ್ಜರ್ಲೆಂಡಿಗೆ ಯಾಕೆ ಹೋದೆ? ನಮ್ಮ ಹೊಲಕ್ಕೆ ಬಂದಿದ್ರೆ ಆಗ್ತಿತ್ತು’ ಅಂದ್ರು. ಮುಂದಿನ ಭಾನುವಾರ ಗುಬ್ಬಿಗೆ ಹೋದಾಗ ಹಜಾರದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ತೋರಿಸಿದ್ರು. ರಾಗಿ ಕೊಯ್ಲು ಆದಮೇಲೆ ಹುಡುಗರು ಇಲಿ ಬಿಲ ಅಗೆಯೋರಂತೆ. ಬದುವಿನ ಪಕ್ಕ ಬಾಯಿ, ಅಲ್ಲಿಂದ ಓರೆಯಾಗಿ ಇಳಿಯೋ ದಾರಿ, ಒಂದು ಕಡೆ ತೆನೆ ತುಂಬಿದ ಕಣಜ, ಇನ್ನೊಂದು ಕಡೆ ಹುಲ್ಲು ಹಾಸಿದ ಬಾಣಂತಿ ಕೋಣೆ, ಹಿಂದೆ ತಪ್ಪಿಸಿಕೊಳ್ಳೋಕೆ ತೆಳ್ಳಗೆ ಮಣ್ಣು ಮುಚ್ಚಿದ ಗುಟ್ಟಿನ ಬಾಗಿಲು. ‘ಕಕ್ಕಸ್ಸಿಗೂ ಬೇರೆ ಜಾಗ ಮಾಡಿರುತ್ತೆ. ನಿಮ್ಮ ಬೆಂಗಳೂರಿನ ಒಂದು ಬಿಎಚ್‌ಕೆಗಿಂತ ವಾಸಿ’ ಅಂದ್ರು.

ಆ ರಂಗೋಲಿ ನಕ್ಷೆಯ ಫೋಟೋ ಹೊಡೆದುಕೊಂಡೆ. ಬೋಂಡನ ಮನೆಗೆ ಅದೇ ಡಿಸೈನ್ ಡಾಕ್ಯುಮೆಂಟ್.

ಹಳೇ ಶೋಕೇಸ್ ಮಲಗಿತು

ಸಿರಿಯನ್ ಹ್ಯಾಮ್‌ಸ್ಟರ್‌ಗೆ ಕನಿಷ್ಠ 100 ಸೆಂಟಿಮೀಟರ್ ಉದ್ದ, 50 ಅಗಲದ ತಳ ಬೇಕು ಅಂತ ಜರ್ಮನಿಯ ಪ್ರಾಣಿ ಕಲ್ಯಾಣ ಪಶುವೈದ್ಯರ ಸಂಘ ಹೇಳುತ್ತೆ. ಮಹಡಿ ಮೇಲೆ ಮಹಡಿ ಸೇರಿಸಿ ಲೆಕ್ಕ ಹಾಕೋ ಹಾಗಿಲ್ಲ, ಒಂದೇ ನೆಲ ಅಷ್ಟಿರಬೇಕು. ಅಷ್ಟು ದೊಡ್ಡದು ರೆಡಿಮೇಡ್ ಹುಡುಕಿದ್ರೆ ಬೆಲೆ ನೋಡಿ ಮೊಬೈಲ್ ಮಡಚಿಟ್ಟೆ.

ಆಗ ಕಣ್ಣಿಗೆ ಬಿದ್ದಿದ್ದು ಅಕ್ಕನ ಮನೆ ಅಟ್ಟದ ಕೆಳಗೆ ಧೂಳು ತಿನ್ನುತ್ತಿದ್ದ ಹಳೇ ಶೋಕೇಸ್. ನಾಲ್ಕು ಅಡಿ ಎತ್ತರ, ಒಂದು ಅಡಿ ಎಂಟು ಅಂಗುಲ ಅಗಲ, ಸುಮಾರು ಒಂದೂಕಾಲು ಅಡಿ ಆಳ. ನಿಲ್ಲಿಸಿದ್ರೆ ಶೋಕೇಸ್, ಬೆನ್ನ ಮೇಲೆ ಮಲಗಿಸಿದ್ರೆ 120 ಸೆಂಟಿಮೀಟರ್ ಉದ್ದ, 50 ಅಗಲದ ತೊಟ್ಟಿ! ಲಗೇಜ್ ಆಟೋದಲ್ಲಿ ಹಾಕಿಕೊಂಡು ತುಮಕೂರಿಗೆ ತಂದೆ. ನಮ್ಮ ಬೀದಿ ಬಡಗಿ ಒಳಗಿನ ಅಡ್ಡಹಲಗೆ ತೆಗೆದು, ಮೇಲೆ ಒಂದು ಅಡಿ ಎತ್ತರದ ಚೌಕಟ್ಟು ಕೂರಿಸಿ, ಚೌಕಟ್ಟಿಗೂ ಮುಚ್ಚಳಕ್ಕೂ ಸಣ್ಣ ಕಣ್ಣಿನ ಗಟ್ಟಿ ತಂತಿಬಲೆ ಹೊಡೆದುಕೊಟ್ಟರು. ‘ಇಲಿ ಹಿಡಿಯೋಕಾ?’ ಅಂದ್ರು. ‘ಇಲಿ ಇಡೋಕೆ’ ಅಂದೆ. ಅರ್ಧ ದಿನ ಅವರಿಗೆ ನಂಬಿಕೆ ಬರಲಿಲ್ಲ.

ನೀವು ಮಾಡಿಸೋದಾದ್ರೆ ಈ ನಾಲ್ಕು ಮಾತು ನೆನಪಿಡಿ.

ಒಂದು, ಬಲೆಯ ಕಣ್ಣು ಒಂದು ಸೆಂಟಿಮೀಟರ್‌ಗಿಂತ ದೊಡ್ಡದಿರಬಾರದು. ಹ್ಯಾಮ್‌ಸ್ಟರ್‌ನ ತಲೆ ನುಗ್ಗಿದ್ರೆ ಮೈಯೂ ನುಗ್ಗಿತು ಅಂತಲೇ ಲೆಕ್ಕ.

ಎರಡು, ಪೂರ್ತಿ ಗಾಜಿನ ಮುಚ್ಚಳ ಬೇಡ. ಮೇಲ್ಗಡೆ ಗಾಳಿ ಆಡಲೇಬೇಕು. ದೊಡ್ಡ ಅಕ್ವೇರಿಯಂ ತೊಟ್ಟಿ ಇದ್ರೂ ಬಲೆ ಮುಚ್ಚಳ ಹಾಕಿ ಬಳಸಬಹುದು.

ಮೂರು, ಹೊಸ ಪಾಲಿಶ್, ಅಂಟು, ಬಣ್ಣದ ವಾಸನೆ ಪೂರ್ತಿ ಹೋಗೋವರೆಗೂ ಪ್ರಾಣಿಯನ್ನು ಒಳಗೆ ಬಿಡಬೇಡಿ. ನಾನು ಎರಡು ವಾರ ಬಾಲ್ಕನಿಯಲ್ಲಿ ಒಣಗಿಸಿದೆ. ಹಲ್ಲಿಗೆ ಸಿಗೋ ಅಂಚುಗಳಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿದೆ.

ನಾಲ್ಕು, ಬಿಸಿಲು ನೇರವಾಗಿ ಬೀಳದ, ಟಿವಿ–ಮಿಕ್ಸಿ–ಸ್ಪೀಕರ್‌ನಿಂದ ದೂರದ ಜಾಗದಲ್ಲಿಡಿ.

135 ಲೀಟರ್ ನೆಲ

ಇನ್ನು ಹಾಸು. ಒಂದು ಅರ್ಧದಲ್ಲಿ 30 ಸೆಂಟಿಮೀಟರ್, ಇನ್ನೊಂದು ಅರ್ಧದಲ್ಲಿ 15 ಅಂತ ಇಟ್ಟುಕೊಂಡೆ. ಲೆಕ್ಕ ಹಾಕಿದ್ರೆ 135 ಲೀಟರ್! ಬರ್ನ್‌ನವರ 80 ಸೆಂಟಿಮೀಟರ್ ನನ್ನ ಮನೆಯಲ್ಲಿ ಆಗೋ ಮಾತಲ್ಲ. ಆದ್ರೆ 30 ಸೆಂಟಿಮೀಟರ್ ಸಿಕ್ಕರೆ ಸುರಂಗ ತೋಡೋಕೆ ಶುರು ಮಾಡುತ್ತೆ.

ಮೊದಲು ನನ್ನ ಜಾಣತನ ಬಡಗಿ ಅಂಗಡಿಯ ಮರದ ಹೊಟ್ಟಿನ ಕಡೆ ಹೋಯ್ತು, ಪುಕ್ಕಟೆ ಸಿಗುತ್ತಲ್ಲ. ಬೇಡ. ಅದರಲ್ಲಿ ಯಾವ ಮರ ಇದೆ, ಎಷ್ಟು ಪ್ಲೈವುಡ್ ಅಂಟು ಇದೆ ಅಂತ ಹೇಳೋಕಾಗಲ್ಲ. ಸಣ್ಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪೈನ್, ಸೀಡರ್ ಮರದ ಘಮಘಮ ಹೊಟ್ಟೂ ಬೇಡ, ಆ ಘಮವೇ ತೊಂದರೆ. ‘ಹ್ಯಾಮ್‌ಸ್ಟರ್ ಹಾಸಿಗೆ’ ಅಂತ ಮಾರೋ ಹತ್ತಿಯಂತೂ ಬೇಡವೇ ಬೇಡ. ಎಳೆ ಕಾಲಿಗೆ ಸುತ್ತಿಕೊಳ್ಳುತ್ತೆ, ನುಂಗಿದ್ರೆ ಕರುಳಲ್ಲಿ ಕಟ್ಟಿಕೊಳ್ಳುತ್ತೆ.

ನಾನು ಬಳಸಿದ್ದು ಕಾಗದದಿಂದ ಮಾಡಿದ ಹಾಸು, ನಡುನಡುವೆ ಅಜ್ಜಿ ಕಳಿಸಿದ ಒಣ ಹುಲ್ಲು. ಬರೀ ಕಾಗದ ಹಾಕಿದ್ರೆ ಸುರಂಗ ಕುಸಿಯುತ್ತೆ. ಒಂದು ಪದರ ಕಾಗದ, ಒಂದು ಪದರ ಹುಲ್ಲು ಹಾಕಿ, ಪ್ರತಿ ಸಲ ಅಂಗೈಯಲ್ಲಿ ಒತ್ತಿ ಗಟ್ಟಿ ಮಾಡಿದ್ರೆ ನಿಲ್ಲುತ್ತೆ. ಗೋಡೆ ಕಟ್ಟೋವಾಗ ಮಣ್ಣಿಗೆ ಹುಲ್ಲು ಕಲಸ್ತಿದ್ದರಲ್ಲ, ಅದೇ ತತ್ವ. ಹುಲ್ಲನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಧೂಳು ಕೊಡವಿ, ಬೂಷ್ಟು ಇಲ್ಲ ಅಂತ ನೋಡಿ ಬಳಸಿ. ಔಷಧಿ ಹೊಡೆದ ಹೊಲದ್ದು ಬೇಡ. ಗೂಡು ಮಾಡಿಕೊಳ್ಳೋಕೆ ವಾಸನೆ ಇಲ್ಲದ ಟಿಶ್ಯೂ ಪೇಪರ್ ಹರಿದು ಒಂದು ಮೂಲೆಯಲ್ಲಿಡಿ ಸಾಕು, ಅದೇ ಒಯ್ಯುತ್ತೆ.

ಅಡಗೋ ಜಾಗ: ಒಂದಲ್ಲ, ನಾಲ್ಕು

ಈ ಕಾಲಂನ ಮುಖ್ಯ ಭಾಗ ಇದೇ. ಹ್ಯಾಮ್‌ಸ್ಟರ್ ಬೇರೆಯವರ ಊಟ ಆಗಿ ಬೆಳೆದ ಪ್ರಾಣಿ. ಗೂಬೆ, ನರಿ, ಹಾವು ಎಲ್ಲದಕ್ಕೂ ಹೆದರಬೇಕು. ತೆರೆದ ಜಾಗ ದಾಟುವಾಗೆಲ್ಲ ಅದರ ತಲೆಯಲ್ಲಿರೋದು ‘ಮುಂದಿನ ಮರೆ ಎಲ್ಲಿ?’ ಅನ್ನೋದೇ. ಹಾಗಾಗಿ ದೊಡ್ಡ ಪೆಟ್ಟಿಗೆ ಕೊಟ್ಟು ಮಧ್ಯೆ ಖಾಲಿ ಮೈದಾನ ಬಿಟ್ಟರೆ ಉಪಯೋಗ ಇಲ್ಲ. ಒಂದು ಮರೆಯಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ ಇರಬೇಕು.

ಕೋಣೆಗಳ ಮನೆ: ಇದು ಅಜ್ಜಿಯ ರಂಗೋಲಿ. ತೆಳು ಮರದ ಹಲಗೆಯಲ್ಲಿ ಮೂರು ಕೋಣೆಯ ಪೆಟ್ಟಿಗೆ, ಮೇಲೆ ತೆಗೆಯೋ ಮುಚ್ಚಳ, ತಳ ಇಲ್ಲ. ಹಾಸಿನೊಳಗೆ ಅರ್ಧ ಹೂತಿಟ್ಟಿದ್ದೇನೆ. ತಳ ಇಲ್ಲದಿರೋದ್ರಿಂದ ಅಲ್ಲಿಂದಲೇ ಕೆಳಗೆ ಸುರಂಗ ತೋಡಬಹುದು. ಬಾಗಿಲುಗಳು 6–7 ಸೆಂಟಿಮೀಟರ್ ಇರಲಿ. ಕೆನ್ನೆ ಚೀಲ ತುಂಬಿಕೊಂಡು ಬಂದಾಗ ಹ್ಯಾಮ್‌ಸ್ಟರ್ ತಲೆ ಎರಡರಷ್ಟು ಅಗಲ ಆಗುತ್ತೆ, ಚಿಕ್ಕ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಮೂರು ತಿಂಗಳಾದಮೇಲೆ ಮುಚ್ಚಳ ಎತ್ತಿ ನೋಡಿದೆ. ಒಂದು ಕೋಣೆಯಲ್ಲಿ ಟಿಶ್ಯೂ ಗೂಡು, ಒಂದರಲ್ಲಿ ಕಾಳು, ಮೂರನೆಯದು ಬರೀ ಓಡಾಡೋಕೆ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ.

ಕರಟ: ತೆಂಗಿನ ಸೀಮೆಯಲ್ಲಿದ್ದು ಪ್ಲಾಸ್ಟಿಕ್ ಇಗ್ಲೂ ಯಾಕೆ? ದೊಡ್ಡ ಕಾಯಿಯ ಕರಟಕ್ಕೆ ಬಾಗಿಲು ಕೊಯ್ದು, ಅಂಚನ್ನು ಮರಳು ಕಾಗದದಲ್ಲಿ ನಯ ಮಾಡಿ. ಹೊರಗಿನ ನಾರು ಪೂರ್ತಿ ಕೆರೆದು ತೆಗೀರಿ, ಉದ್ದ ನಾರು ಕೂಡ ಹತ್ತಿ ಹಾಗೇ ಕಾಲಿಗೆ ಸುತ್ತಿಕೊಳ್ಳುತ್ತೆ. ಒಳಗಿನ ಕೊಬ್ಬರಿ ಉಳಿದಿದ್ರೆ ಬೂಷ್ಟು ಬರುತ್ತೆ, ಅದನ್ನೂ ಕೆರೀರಿ.

ರಟ್ಟಿನ ಸುರುಳಿ: ಅಂಟು, ಟೇಪ್, ಸ್ಟೇಪಲ್ ಪಿನ್ ತೆಗೆದ ರಟ್ಟಿನ ಕೊಳವೆ, ಡಬ್ಬ. ಕಚ್ಚಿ ಹಾಳು ಮಾಡುತ್ತೆ, ಮಾಡಲಿ. ಅದರ ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಸವೆಯೋಕೆ ಏನಾದ್ರೂ ಬೇಕು.

ಮಣ್ಣಿನ ಕುಡಿಕೆ: ಬೇಸಿಗೆಗೆ ತಂಪು. ಆದ್ರೆ ಇದರ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಹೊಸ ಮನೆಗೆ ಬಂದ ಮೊದಲ ವಾರ ಚೆಂದ ಕಾಣಲಿ ಅಂತ ದಪ್ಪನೆ ಕುಡಿಕೆಯೊಂದನ್ನು ಹಾಸಿನ ಮೇಲೇ ಇಟ್ಟಿದ್ದೆ. ನಾಲ್ಕನೇ ರಾತ್ರಿ ಕಾಲ್ ಮುಗಿಸಿ ನೋಡ್ತೀನಿ, ಕುಡಿಕೆ ಅರ್ಧ ಮುಳುಗಿದೆ, ಬೋಂಡನ ಸದ್ದಿಲ್ಲ. ಅವನು ಅದರ ಕೆಳಗೆ ಸುರಂಗ ತೋಡಿದ್ದಾನೆ, ಭಾರಕ್ಕೆ ಸುರಂಗ ಕುಸಿದಿದೆ. ಕೈ ನಡುಗ್ತಾ ಕುಡಿಕೆ ಎತ್ತಿದೆ. ಕೆಳಗೆ ಏನೂ ಕಾಣಲಿಲ್ಲ. ಹಾಸು ಕೆದಕೋಕೂ ಭಯ, ಬಿಡೋಕೂ ಭಯ. ಪುಟ್ಟಿಗೆ ಏನು ಹೇಳೋದು ಅಂತ ಯೋಚನೆ ಮಾಡ್ತಾ ಕೂತೆ. ಹತ್ತು ನಿಮಿಷ ಆದಮೇಲೆ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಹುಲ್ಲು ಅಲ್ಲಾಡಿತು. ಗುಟ್ಟಿನ ಬಾಗಿಲಿಂದ ಮೂತಿ ಹೊರಗೆ ಬಂತು. ಅವತ್ತು ನಾನು ಅತ್ತಿದ್ದು ಯಾರಿಗೂ ಹೇಳಿರಲಿಲ್ಲ, ಈಗ ಹೇಳ್ತಿದ್ದೀನಿ.

ಕಲ್ಲು, ಕುಡಿಕೆ, ಚಕ್ರ, ಮರಳಿನ ತಟ್ಟೆ, ಹೀಗೆ ಭಾರ ಇರೋ ಯಾವುದನ್ನೂ ಹಾಸಿನ ಮೇಲೆ ಇಡಬೇಡಿ. ಪೆಟ್ಟಿಗೆಯ ತಳಕ್ಕೆ ಊರಿರೋ ಕಾಲುಗಳ ಮೇಲೆ ಒಂದು ಹಲಗೆ ಕೂರಿಸಿ, ಅದರ ಮೇಲಿಡಿ.

ಚಕ್ರ, ಮರಳು, ಊಟ

ಬೇಗ ಮುಗಿಸ್ತೀನಿ. ಚಕ್ರ ಸಿರಿಯನ್‌ಗೆ ಸುಮಾರು 28 ಸೆಂಟಿಮೀಟರ್ ವ್ಯಾಸ, ಕುಬ್ಜ ಜಾತಿಗಳಿಗೆ 20. ಓಡುವಾಗ ಬೆನ್ನು ನೇರ ಇರಬೇಕು, ಬಿಲ್ಲಿನ ಹಾಗೆ ಬಾಗಿದ್ರೆ ಚಕ್ರ ಚಿಕ್ಕದು ಅಂತ ಅರ್ಥ. ಸರಳಿನ ಚಕ್ರ ಬೇಡ, ಕಾಲು ಸಿಕ್ಕಿಕೊಳ್ಳುತ್ತೆ. ಇದೊಂದನ್ನು ಮಾತ್ರ ನಾನು ಆನ್‌ಲೈನ್‌ನಲ್ಲಿ ತರಿಸಿದೆ.

ಮೈ ಶುಚಿಗೆ ನೀರಿನ ಸ್ನಾನ ಮಾಡಿಸಲೇಬೇಡಿ. ಒಂದು ತಟ್ಟೆ ಮರಳು ಸಾಕು. ಹೊಳೆ ಮರಳನ್ನು ಜರಡಿ ಹಿಡಿದು, ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿದೆ. ಎಂ-ಸ್ಯಾಂಡ್ ಬೇಡ, ಅದು ಜಲ್ಲಿ ಪುಡಿ, ಮೊನೆ ಇರುತ್ತೆ. ಹಿಟ್ಟಿನಂಥ ನುಣ್ಣನೆ ಪುಡಿಯೂ ಬೇಡ, ಉಸಿರಿಗೆ ತೊಂದರೆ. ಬೋಂಡ ಆ ಮರಳನ್ನೇ ಕಕ್ಕಸ್ಸೂ ಮಾಡಿಕೊಂಡ. ನನಗೆ ಅನುಕೂಲವೇ ಆಯ್ತು. ದಿನಾ ಅಷ್ಟನ್ನು ಮಾತ್ರ ತೆಗೀತೀನಿ. ಪೂರ್ತಿ ಹಾಸು ಒಮ್ಮೆಲೇ ಬದಲಿಸಬೇಡಿ, ತನ್ನದೇ ವಾಸನೆ ಇಲ್ಲದ ಮನೆ ಅದಕ್ಕೆ ಪರರ ಮನೆ.

ಊಟವನ್ನು ಬಟ್ಟಲಲ್ಲಿ ಗುಡ್ಡೆ ಹಾಕೋ ಬದಲು ಹಾಸಿನ ಮೇಲೆ ಚೆಲ್ಲಿ. ಹುಡುಕೋದೇ ಅದರ ಕೆಲಸ. ಡಿಸೆಂಬರ್‌ನಲ್ಲಿ ಅಜ್ಜಿ ಕಳಿಸಿದ ರಾಗಿ ತೆನೆ, ನವಣೆ ತೆನೆಗಳನ್ನು ಹಾಸಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೆ. ಬೋಂಡ ಕಾಂಡ ಬಾಗಿಸಿ ಕಾಳು ಕೀಳೋದನ್ನು ನೋಡಿದ ರಾತ್ರಿ ಕ್ಲೈಂಟ್ ಹೇಳಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಸೂರ್ಯಕಾಂತಿ, ಕಡಲೆಕಾಯಿ ಮಿತವಾಗಿರಲಿ. ಈರುಳ್ಳಿ, ಬೆಳ್ಳುಳ್ಳಿ, ನಿಂಬೆ–ಕಿತ್ತಳೆ ಬೇಡ.

‘ಜೋಡಿ ಮಾಡಿಸು’

ಬೋಂಡನನ್ನು ನೋಡಿದವರೆಲ್ಲ ಹೇಳೋ ಒಂದೇ ಮಾತು: ‘ಪಾಪ ಒಂಟಿ. ಒಂದು ಜೋಡಿ ತಂದುಬಿಡು.’ ಇದೇ ಮಾತನ್ನು ಇದೇ ಜನ ನನ್ನ ಬಗ್ಗೆಯೂ ಹೇಳ್ತಾರೆ, ಮೂವತ್ತು ದಾಟಿತಲ್ಲ. ನನ್ನ ವಿಷಯ ಬಿಡಿ. ಸಿರಿಯನ್ ಹ್ಯಾಮ್‌ಸ್ಟರ್ ವಿಷಯದಲ್ಲಿ ಇದು ಪ್ರಾಣಕ್ಕೇ ಅಪಾಯ. ಎಳೆ ಮರಿಯಾಗಿದ್ದಾಗ ಜೊತೆಯಲ್ಲಿರುತ್ತವೆ, ಬೆಳೆದ ಮೇಲೆ ಕಚ್ಚಾಡಿ ಒಂದು ಇನ್ನೊಂದನ್ನು ಕೊಲ್ಲೋದೂ ಉಂಟು. ಗಂಡು–ಹೆಣ್ಣು ಆದ್ರೆ ಇನ್ನೊಂದು ಕಥೆ: ಗರ್ಭ ಬರೀ 16 ದಿನ. ಅಂಗಡಿಯವರು ‘ಜೋಡಿ’ ಅಂತ ಕೊಟ್ಟರೂ ತರಬೇಡಿ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಅದನ್ನೂ ಕೇಳಿ. ಕುದುರೆಗೆ ಜೊತೆ ಬೇಕು, ಹ್ಯಾಮ್‌ಸ್ಟರ್‌ಗೆ ಬೇಡ. ಇದನ್ನು ಹೇಳಿದಾಗ ಕುಣಿಗಲ್ ಮಾವ ಒಪ್ಪಿಕೊಂಡ್ರು. ಅಜ್ಜಿ ಇನ್ನೂ ಒಪ್ಪಿಲ್ಲ, ಇಬ್ಬರ ವಿಷಯದಲ್ಲೂ.

ಏಪ್ರಿಲ್ ಪರೀಕ್ಷೆ

ಹ್ಯಾಮ್‌ಸ್ಟರ್‌ಗೆ ಹಿತವಾದ ಉಷ್ಣತೆ ಸುಮಾರು 18ರಿಂದ 24 ಡಿಗ್ರಿ. ನಮ್ಮ ತುಮಕೂರಿನ ಏಪ್ರಿಲ್ ಗೊತ್ತಲ್ಲ, ಸಾಲದ್ದಕ್ಕೆ ಕರೆಂಟ್ ಕಟ್. ನನ್ನದು ಮೇಲ್ಮಹಡಿ ಮನೆ. ಪೆಟ್ಟಿಗೆಯನ್ನು ಉತ್ತರದ ಗೋಡೆಗೆ ಸರಿಸಿದೆ, ಕಿಟಕಿಗೆ ದಪ್ಪ ಪರದೆ ಹಾಕಿದೆ, ಉಳಿದಿದ್ದ ಗ್ರಾನೈಟ್ ತುಂಡೊಂದನ್ನು ಹಲಗೆ ಮೇಲಿಟ್ಟೆ. ಮಧ್ಯಾಹ್ನ ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹೊರಗಡೆಯಿಂದ ಆನಿಸಿಡ್ತಿದ್ದೆ. ಫ್ಯಾನ್ ಗಾಳಿ ನೇರ ಬೀಳದ ಹಾಗೆ ನೋಡಿಕೊಂಡೆ.

ಆದ್ರೆ ಅವನನ್ನು ಹೆಚ್ಚು ಕಾಪಾಡಿದ್ದು ಅವನೇ ತೋಡಿಕೊಂಡ ಬಿಲ ಅನ್ಸುತ್ತೆ. ಥರ್ಮಾಮೀಟರ್ ಇಟ್ಟು ನೋಡಿದಾಗ ಹಾಸಿನ ತಳದಲ್ಲಿ ಮಧ್ಯಾಹ್ನ ಮೇಲಿಗಿಂತ ಯಾವಾಗಲೂ ಮೂರ್ನಾಲ್ಕು ಡಿಗ್ರಿ ಕಡಿಮೆ ಇರ್ತಿತ್ತು. ಗುಲಾಬಿ ಪಂಜರದಲ್ಲೇ ಇದ್ದಿದ್ರೆ ಎಲ್ಲಿಗೆ ಹೋಗ್ತಿದ್ದ?

ಒಂದು ಎಚ್ಚರಿಕೆ. ಮೈ ಸುಸ್ತಾಗಿ ಬಿದ್ದುಕೊಂಡಿದ್ರೆ, ಜೊಲ್ಲು ಸುರೀತಿದ್ರೆ, ಬಾಲದ ಸುತ್ತ ಒದ್ದೆ ಕಂಡ್ರೆ ಕಾಯಬೇಡಿ. ಇಷ್ಟು ಚಿಕ್ಕ ಜೀವಕ್ಕೆ ಒಂದು ದಿನ ಅಂದ್ರೆ ಬಹಳ. ನಾಯಿ–ಹಸು ನೋಡೋ ಎಲ್ಲ ಡಾಕ್ಟರೂ ಹ್ಯಾಮ್‌ಸ್ಟರ್ ನೋಡಲ್ಲ. ಯಾರು ನೋಡ್ತಾರೆ ಅಂತ ಈಗಲೇ ಫೋನ್ ಮಾಡಿ ನಂಬರ್ ಬರೆದಿಟ್ಟುಕೊಳ್ಳಿ.

ಪುಟ್ಟಿ ಬಂದಳು

ಮೇನಲ್ಲಿ ಬೇಸಿಗೆ ರಜಕ್ಕೆ ಪುಟ್ಟಿ ಬಂದಳು. ಎಂಟು ತಿಂಗಳಲ್ಲಿ ಫೋನಲ್ಲಿ ಅವಳು ಒಂದೇ ಪ್ರಶ್ನೆ ಕೇಳ್ತಿದ್ದಳು: ‘ಅದು ಇನ್ನೂ ಕಬ್ಬಿಣ ಕಚ್ಚುತ್ತಾ?’ ಮೊದಲ ತಿಂಗಳು ‘ಹೂಂ, ಒಂದೊಂದು ಸಲ’ ಅಂತಿದ್ದೆ. ಹೊಸ ಮನೆಯಲ್ಲೂ ಬಲೆ ಹತ್ತಿರ ಹೋಗಿ ಹುಡುಕ್ತಿದ್ದ. ಮಾವ ಹೇಳಿದ್ದ ಹಾಗೆ ಅಭ್ಯಾಸ ಬೇಗ ಹೋಗಲಿಲ್ಲ. ದೀಪಾವಳಿ ಪಟಾಕಿ ರಾತ್ರಿಗಳಲ್ಲಿ ಮತ್ತೆ ಶುರುವಾಗಿತ್ತು. ಸಂಕ್ರಾಂತಿ ಆದಮೇಲೆ ನಾನು ಕೇಳಿಲ್ಲ.

ಅವಳು ಸಂಜೆ ಏಳರಿಂದಲೇ ಪೆಟ್ಟಿಗೆ ಮುಂದೆ ಚಾಪೆ ಹಾಕಿ ಕೂತಳು. ಎಂಟಾಯ್ತು, ಒಂಬತ್ತಾಯ್ತು. ಬೋಂಡ ಬರಲಿಲ್ಲ. ‘ಎಲ್ಲಿದೆ? ಎತ್ತಿ ತೋರಿಸು’ ಅಂದ್ಲು. ಮುಚ್ಚಳ ಎತ್ತಿ ತೋರಿಸೋದು ನನಗೆ ಕಷ್ಟ ಆಗಿರಲಿಲ್ಲ. ಮಗು ಇಪ್ಪತ್ತು ಕಿಲೋಮೀಟರ್ ಬಂದಿದೆ, ಅದರ ಹುಟ್ಟುಹಬ್ಬದ ಪ್ರಾಣಿ. ಒಂದು ಕ್ಷಣ ಕೈ ಹೋಯ್ತು ಕೂಡ. ಆಮೇಲೆ ಅವಳನ್ನೇ ಕೇಳಿದೆ, ‘ನೀನು ನಿದ್ದೆ ಮಾಡ್ತಿರೋವಾಗ ಯಾರೋ ಛಾವಣಿ ಕಿತ್ತು ಕೈ ಹಾಕಿದ್ರೆ ಏನು ಮಾಡ್ತೀಯ?’

ಅವಳು ಯೋಚಿಸಿದಳು. ತನ್ನ ಬೆರಳು ನೋಡಿಕೊಂಡಳು. ‘ಕಚ್ಚುತ್ತೀನಿ’ ಅಂದ್ಲು.

ಮತ್ತೆ ಏನೂ ಕೇಳಲಿಲ್ಲ. ಅಂಗೈಯಲ್ಲಿ ನಾಲ್ಕು ಕುಂಬಳ ಬೀಜ ಇಟ್ಟುಕೊಂಡು ಕಾದಳು. ಹತ್ತೂವರೆಗೆ ನನ್ನ ಕಾಲ್ ಶುರುವಾಯ್ತು. ಹನ್ನೊಂದರ ಸುಮಾರಿಗೆ ಹಿಂದಿನಿಂದ ಯಾರೋ ನನ್ನ ಅಂಗಿ ಎಳೆದ ಹಾಗಾಯ್ತು. ತಿರುಗಿದೆ. ಪುಟ್ಟಿ ಒಂದು ಕೈ ಬಾಯಿಗಡ್ಡ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ತೋರಿಸ್ತಿದ್ದಳು. ಕರಟದ ಬಾಗಿಲಲ್ಲಿ ಬೋಂಡ ಕೂತಿದ್ದ. ಅವಳು ಕರಟದ ಮುಂದೆ ಇಟ್ಟಿದ್ದ ಬೀಜಗಳನ್ನು ಒಂದೊಂದಾಗಿ ಕೆನ್ನೆಗೆ ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಹಿಂದಕ್ಕೆ ತಿರುಗಿ ಒಳಗೆ ಹೋದ.

ಒಟ್ಟು ಒಂದು ನಿಮಿಷ ಇರಬಹುದು. ನಾಲ್ಕು ಗಂಟೆ ಕಾದಿದ್ದಕ್ಕೆ ಅಷ್ಟೇ.

ಇದನ್ನು ನಿಮಗೆ ಮುಚ್ಚಿಡೋ ಹಾಗಿಲ್ಲ. ಒಳ್ಳೇ ಮನೆ ಮಾಡಿಕೊಟ್ಟರೆ ಹ್ಯಾಮ್‌ಸ್ಟರ್ ನಿಮಗೆ ಕಾಣೋದು ಕಮ್ಮಿ ಆಗುತ್ತೆ. ರೀಲ್ಸ್ ಮಾಡೋಕೆ ಸಿಗಲ್ಲ. ಹಗಲು ಬಂದ ನೆಂಟರಿಗೆ ಬರೀ ಹುಲ್ಲು ತುಂಬಿದ ಪೆಟ್ಟಿಗೆ ಕಾಣುತ್ತೆ. ಸದಾ ಕಣ್ಣ ಮುಂದೆ ಇರಬೇಕು ಅನ್ನೋರು ದಯವಿಟ್ಟು ತರಬೇಡಿ. ಅದರ ಆಯಸ್ಸು ಎರಡರಿಂದ ಮೂರು ವರ್ಷ. ಬೋಂಡನಿಗೆ ಈಗ ಒಂದು ವರ್ಷ ದಾಟಿದೆ. ಉಳಿದದ್ದು ಹೆಚ್ಚೇನಿಲ್ಲ, ಅದು ನನಗೆ ಗೊತ್ತು. ಪುಟ್ಟಿಗೂ ಹೇಳಿದ್ದೀನಿ.

ಅವಳು ಒಂದು ವಾರ ಇದ್ದು ಗುಬ್ಬಿಗೆ ವಾಪಸ್ ಹೋದಳು. ಹೋಗುವಾಗ ಬೋಂಡನನ್ನು ಕೇಳಲಿಲ್ಲ. ‘ಅವನ ಬಿಲ ಇಲ್ಲೇ ಇದೆಯಲ್ಲ’ ಅಂದ್ಲು. ಗುಲಾಬಿ ಪಂಜರ ಇನ್ನೂ ನಮ್ಮ ಬಾಲ್ಕನಿಯಲ್ಲಿದೆ, ಅದರಲ್ಲಿ ಈರುಳ್ಳಿ ಹಾಕಿಡ್ತೀನಿ.

ನಿಮ್ಮನೆಯಲ್ಲೂ ಅಂಥ ಪಂಜರ ಇದ್ರೆ, ರಾತ್ರಿ ಕಟಕಟ ಕೇಳಿಸ್ತಿದ್ರೆ, ಈ ವಾರಾಂತ್ಯ ಅಟ್ಟದ ಮೇಲೊಮ್ಮೆ ಕಣ್ಣಾಡಿಸಿ. ಮಲಗಿಸಬಹುದಾದ ಶೋಕೇಸ್ ಸಿಕ್ಕರೂ ಸಿಗಬಹುದು.